ಎಲೆಕ್ಟ್ರಿಕಲ್ ಅಪ್ರೆಂಟಿಸ್ ಆಗಬೇಕು: ವೈರಿಂಗ್ ಕಡೆ ಹೋಗಲೋ, ಕೇಬಲ್ ಕಡೆ ಹೋಗಲೋ?

ಪ್ರಶ್ನೆ: ಸರ್, ನನಗೆ 19 ವರ್ಷ. ಶಾಲೆ ಮುಗಿಸಿ ಒಂದು ವರ್ಷ ಗೋದಾಮಿನಲ್ಲಿ ಸಾಮಾನು ಎತ್ತಿಡುವ ಕೆಲಸ ಮಾಡಿದೆ. ಈಗ ಎಲೆಕ್ಟ್ರಿಕಲ್ ಅಪ್ರೆಂಟಿಸ್ ಆಗಿ ಸೇರಬೇಕು ಅಂತಿದ್ದೇನೆ. ಎರಡು ಕಡೆ ಅವಕಾಶ ಸಿಕ್ಕಿದೆ. ಒಂದು, ಕಟ್ಟಡಗಳ ವೈರಿಂಗ್ ಮಾಡುವ ತಂಡ. ಇನ್ನೊಂದು, ನೆಲದಡಿ ಪವರ್ ಕೇಬಲ್ ಎಳೆದು ಜಾಯಿಂಟ್ ಮಾಡುವ ತಂಡ. ಮೊದಲ ವರ್ಷ ಬರೀ ಹೊರುವ ಕೆಲಸ ಕೊಡುತ್ತಾರೆ, ಏನೂ ಕಲಿಸುವುದಿಲ್ಲ ಅಂತ ಗೆಳೆಯರು ಹೆದರಿಸುತ್ತಾರೆ. ನನ್ನ ಗಣಿತ ಅಷ್ಟಕ್ಕಷ್ಟೆ. ನಿಜ ಹೇಳಬೇಕೆಂದರೆ ಶಾಕ್ ಹೊಡೆಯುತ್ತೆ ಅನ್ನೋ ಭಯವೂ ಇದೆ. ಯಾವುದಕ್ಕೆ ಸೇರಲಿ? ಸೇರುವ ಮುಂಚೆ ಏನೇನು ಕಲಿತಿರಬೇಕು, ಏನೇನು ಕೊಳ್ಳಬೇಕು?

ಉತ್ತರ: ಭಯದಿಂದಲೇ ಶುರು ಮಾಡೋಣ. ಶಾಕ್‌ಗೆ ಹೆದರುವವರು ಈ ಕೆಲಸಕ್ಕೆ ಬರಬಾರದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೂವತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ, ಅದರಲ್ಲಿ ಅರ್ಧ ಕಾಲ ಹೊಸಬರಿಗೆ ಕಲಿಸುತ್ತಾ ಕಳೆದಿದ್ದೇನೆ. ಹೆದರುವವರ ಬಗ್ಗೆ ನನಗೆ ಚಿಂತೆ ಇಲ್ಲ. "ನಂಗೇನೂ ಆಗಲ್ಲ ಬಿಡಿ ಸರ್" ಅನ್ನುವವರು ಬಂದಾಗ ಮಾತ್ರ ಅವತ್ತೆಲ್ಲ ನನ್ನ ಕಣ್ಣು ಅವರ ಮೇಲೇ ಇರುತ್ತದೆ.

ಒಂದು ಲೆಕ್ಕ ನೋಡಿ. 10 ವ್ಯಾಟಿನ ಸಣ್ಣ ಬಲ್ಬ್ 230 ವೋಲ್ಟ್‌ನಲ್ಲಿ ಉರಿಯುವಾಗ ಸುಮಾರು 43 ಮಿಲಿ ಆಂಪಿಯರ್ ಕರೆಂಟ್ ಎಳೆಯುತ್ತದೆ. ಮೈಯಲ್ಲಿ ಹರಿಯುವ ಎಸಿ ಕರೆಂಟ್ 10 ಮಿಲಿ ಆಂಪಿಯರ್ ಆಸುಪಾಸಿಗೆ ಬಂದರೆ ಸಾಕು, ಸ್ನಾಯು ಬಿಗಿದುಕೊಂಡು ಬಹಳ ಜನರಿಗೆ ಹಿಡಿದ ಕೈ ಬಿಡಲು ಆಗುವುದಿಲ್ಲ. ಜೀವ ಕಾಯಲೆಂದು ಹಾಕುವ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಸಪ್ಲೈ ಕಡಿಯುವ ಸ್ವಿಚ್) 30 ಮಿಲಿ ಆಂಪಿಯರ್ ಸೋರಿಕೆಗೇ ಬೀಳುವುದು ಇದೇ ಕಾರಣಕ್ಕೆ. ಅಂದರೆ ಒಂದು ಚಿಕ್ಕ ಬಲ್ಬಿಗೆ ಹೋಗುವಷ್ಟು ಕರೆಂಟ್ ಎದೆಯ ಮೂಲಕ ಹಾದರೆ ಮನುಷ್ಯ ಸಾಯಬಹುದು. ಬೋರ್ಡಿನಲ್ಲಿ 16 ಆಂಪಿಯರ್ ಎಂಸಿಬಿ (ಲೋಡ್ ಮಿತಿಮೀರಿದರೆ ತಾನೇ ಬೀಳುವ ಸ್ವಿಚ್) ಇದೆಯಲ್ಲ, ಅದು ಕಾಪಾಡುತ್ತೆ ಅಂದುಕೊಳ್ಳಬೇಡಿ. ಅದು ಕಾಯುವುದು ತಂತಿಯನ್ನು. ನಿಮ್ಮ ಮೈಯಲ್ಲಿ ಹರಿಯುವ ಕರೆಂಟ್ ಅದರ ಲೆಕ್ಕಕ್ಕೇ ಬರುವುದಿಲ್ಲ.

ಹಾಗಾಗಿ ಭಯ ಇರಲಿ. ಆದರೆ ಆ ಭಯಕ್ಕೆ ಒಂದು ಕೆಲಸ ಕೊಡಿ. ಸರ್ಕ್ಯೂಟ್ ಆಫ್ ಮಾಡಿದ ಮೇಲೆ ಅದಕ್ಕೆ ಬೀಗ ಹಾಕಬೇಕು, ಕೀಲಿ ನಿಮ್ಮ ಜೇಬಿನಲ್ಲೇ ಇರಬೇಕು. ಮೇಸ್ತ್ರಿಯ ಜೇಬಿನಲ್ಲೂ ಅಲ್ಲ, ಬೋರ್ಡಿನ ಮೇಲೂ ಅಲ್ಲ. ಆಮೇಲೆ ಟೆಸ್ಟರ್ ಮೂರು ಸಲ ಇಡಬೇಕು. ಮೊದಲು, ಕರೆಂಟ್ ಇದೆ ಅಂತ ಖಚಿತವಾಗಿ ಗೊತ್ತಿರುವ ಕಡೆ ಇಟ್ಟು ಟೆಸ್ಟರ್ ಸರಿಯಿದೆಯಾ ನೋಡಬೇಕು. ನಂತರ ನೀವು ಕೈ ಹಾಕುವ ಜಾಗದಲ್ಲಿ ಇಡಬೇಕು: ಫೇಸ್‌ಗೂ ನ್ಯೂಟ್ರಲ್‌ಗೂ, ಫೇಸ್‌ಗೂ ಅರ್ಥ್‌ಗೂ, ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ. ಕೊನೆಗೆ ಮತ್ತೆ ಮೊದಲಿನ ಜಾಗಕ್ಕೇ ಹೋಗಿ ಇಡಬೇಕು. ಈ ಮೂರನೆಯದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಎರಡನೇ ಸಲ ಇಡುವಾಗಲೇ ಟೆಸ್ಟರಿನ ವೈರ್ ಒಳಗೆ ತುಂಡಾಗಿದ್ದರೆ? ಅದು "ಕರೆಂಟ್ ಇಲ್ಲ" ಅಂತಲೇ ತೋರಿಸುತ್ತದೆ. ಕೆಟ್ಟ ಟೆಸ್ಟರ್ ಯಾವಾಗಲೂ ಒಳ್ಳೇ ಸುದ್ದಿಯನ್ನೇ ಹೇಳುವುದು. ಪೆನ್ ಥರದ ನಿಯಾನ್ ಟೆಸ್ಟರನ್ನೇ ನಂಬಿ ಕೈ ಹಾಕುವವರ ಜೊತೆ ಕಲಿಯುವ ಪರಿಸ್ಥಿತಿ ಬಂದರೆ ಬೇರೆ ಜಾಗ ಹುಡುಕಿ. ಸುಮ್ನೆ ಹೇಳುತ್ತಿಲ್ಲ.

ಇನ್ನು ಹೊರುವ ಕೆಲಸ. ನಿಮ್ಮ ಗೆಳೆಯರು ಹೇಳಿದ್ದರಲ್ಲಿ ಅರ್ಧ ನಿಜ. ಮೊದಲ ಕೆಲವು ತಿಂಗಳು ಡ್ರಮ್ ಉರುಳಿಸುತ್ತೀರಿ, ಏಣಿ ಹಿಡಿಯುತ್ತೀರಿ, ಪೈಪಿನೊಳಗೆ ಸ್ಪ್ರಿಂಗ್ ತೂರಿಸುತ್ತೀರಿ, ಗೋಡೆ ಕೊರೆದ ದೂಳು ಗುಡಿಸುತ್ತೀರಿ. ಆದರೆ ಏನೂ ಕಲಿಯುವುದಿಲ್ಲ ಅನ್ನೋದು ಸುಳ್ಳು. ಕೇಬಲ್ ಡ್ರಮ್ಮಿನ ಪಕ್ಕದ ಹಲಗೆಯ ಮೇಲೆ ಒಂದು ಬಾಣದ ಗುರುತು ಇರುತ್ತದೆ. ಉರುಳಿಸುವಾಗ ಆ ಕಡೆಗೇ ಉರುಳಿಸಬೇಕು, ಇಲ್ಲದಿದ್ದರೆ ಒಳಗಿನ ಸುತ್ತು ಸಡಿಲಾಗಿ ಒಂದರ ಮೇಲೊಂದು ಹತ್ತುತ್ತದೆ. ಕೇಬಲ್ಲನ್ನು ಎಷ್ಟು ಬಗ್ಗಿಸಬಹುದು ಅನ್ನೋದಕ್ಕೂ ಮಿತಿ ಇದೆ. ಆರ್ಮರ್, ಅಂದರೆ ಲೋಹದ ಕವಚ, ಇರುವ ಬಹಳಷ್ಟು ಎಲ್‌ಟಿ (ಕಡಿಮೆ ವೋಲ್ಟೇಜಿನ) ಕೇಬಲ್‌ಗಳಿಗೆ ಆ ತಿರುವಿನ ತ್ರಿಜ್ಯ ಕೇಬಲ್ಲಿನ ವ್ಯಾಸದ 12ರಿಂದ 15 ಪಟ್ಟು ಇರಬೇಕು. 40 ಮಿಲಿಮೀಟರ್ ದಪ್ಪದ ಕೇಬಲ್ ಆದರೆ ಅರ್ಧ ಮೀಟರ್ ಹತ್ತಿರ ಆಯಿತು. ಸರಿಯಾದ ಅಂಕಿ ಆಯಾ ಕೇಬಲ್ ತಯಾರಕರ ಹಾಳೆಯಲ್ಲಿರುತ್ತದೆ, ಅದನ್ನೇ ನೋಡಬೇಕು. ಚಳಿಯಲ್ಲಿ ಪಿವಿಸಿ ಬಿರುಸಾಗುತ್ತದೆ, ಆಗ ಬಗ್ಗಿಸಿದರೆ ಸೀಳಬಹುದು. ಕತ್ತರಿಸಿದ ತುದಿಗೆ ಕೂಡಲೇ ಕ್ಯಾಪ್ ಹಾಕದೆ ಒಂದು ರಾತ್ರಿ ಮಳೆಯಲ್ಲಿ ಬಿಟ್ಟರೆ ನೀರು ಎಳೆಗಳ ಸಂದಿನಲ್ಲಿ ಒಳಕ್ಕೆ ಇಳಿಯುತ್ತದೆ. ಆಮೇಲೆ ಎಷ್ಟು ಮೀಟರ್ ಕತ್ತರಿಸಿ ಎಸೆದರೂ ಸಮಾಧಾನ ಇರುವುದಿಲ್ಲ. ಇದೆಲ್ಲ ಹೊತ್ತವರಿಗೆ ಗೊತ್ತಾಗುತ್ತದೆ. ನಕ್ಷೆ ನೋಡಿ ಕಲಿತವರಿಗೆ ಪೆಟ್ಟು ತಿಂದಮೇಲೆ ಗೊತ್ತಾಗುತ್ತದೆ.

ಅಂದಹಾಗೆ, ಎಕ್ಸ್‌ಟೆನ್ಷನ್ ಡ್ರಮ್ ಬಳಸುವಾಗ ವೈರನ್ನು ಪೂರ್ತಿ ಬಿಚ್ಚಿ. ಸುತ್ತಿಕೊಂಡೇ ದೊಡ್ಡ ಮೆಷಿನ್ ಓಡಿಸಿದರೆ ಬಿಸಿ ಹೊರಗೆ ಹೋಗಲಾರದೆ ಒಳಗಿನ ಸುತ್ತುಗಳು ಕರಗಿ ಅಂಟಿಕೊಳ್ಳುತ್ತವೆ. ಹೊಸಬರ ಮೊದಲ ವಾರದಲ್ಲಿ ನಾನು ಬೈಯುವುದು ಬಹುತೇಕ ಇದಕ್ಕೇ. ಪೈಪಿನಲ್ಲಿ ಹತ್ತಾರು ವೈರ್ ಒಟ್ಟಿಗೆ ತುರುಕಿದರೂ ಇದೇ ಕಥೆ. ಒಂದೊಂದು ವೈರೂ ಹೊರಬಹುದಾದ ಆಂಪಿಯರ್ ಕಡಿಮೆಯಾಗುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ: ಯಾವ ತಂಡ? ಅದಕ್ಕೆ ಉತ್ತರ ಹೇಳಬೇಕಾದರೆ ಈ ಕೆಲಸದ ಜೀವ ಎಲ್ಲಿದೆ ಅನ್ನೋದನ್ನು ಮೊದಲು ಹೇಳಬೇಕು.

ಕಾರ್ಖಾನೆಯಿಂದ ಬಂದ ತಂತಿ ತಾನಾಗಿ ಕೆಡುವುದು ಅಪರೂಪ. ಗುದ್ದಲಿ ಬೀಳಬೇಕು, ಇಲಿ ಕಡಿಯಬೇಕು, ಮಿತಿಮೀರಿ ಲೋಡ್ ಹಾಕಬೇಕು. ಕೆಡುವುದು ತುದಿ. ತಂತಿಯನ್ನು ಕತ್ತರಿಸಿ, ಸುಲಿದು, ಯಾವುದೋ ಸ್ಕ್ರೂ ಕೆಳಗೋ ಲಗ್ (ತಂತಿಯ ತುದಿಗೆ ಹಾಕುವ ಲೋಹದ ಟೋಪಿ) ಒಳಗೋ ಇಟ್ಟು ಬಿಗಿ ಮಾಡುತ್ತೇವಲ್ಲ, ಅಲ್ಲಿ. ಅಂದರೆ ನಾವು ಕೈಯಿಟ್ಟ ಜಾಗದಲ್ಲಿ. ಸಡಿಲ ಸ್ಕ್ರೂ ಇರುವ ಒಂದು ಸಂದಿನಲ್ಲಿ ಬರೀ 0.1 ಓಮ್ ರೆಸಿಸ್ಟೆನ್ಸ್ ಇದೆ ಅಂದುಕೊಳ್ಳಿ. ಅದರ ಮೂಲಕ 20 ಆಂಪಿಯರ್ ಹರಿದರೆ ಅಲ್ಲಿ ಹುಟ್ಟುವ ಬಿಸಿ 40 ವ್ಯಾಟ್, ಯಾಕೆಂದರೆ ಕರೆಂಟಿನ ವರ್ಗಕ್ಕೆ ರೆಸಿಸ್ಟೆನ್ಸ್ ಗುಣಿಸಬೇಕು. ಸಾಧಾರಣ ಸೋಲ್ಡರಿಂಗ್ ಐರನ್ ಇರುವುದು ಅಷ್ಟೇ ವ್ಯಾಟಿನದು. ಪ್ಲಾಸ್ಟಿಕ್ ಡಬ್ಬಿಯೊಳಗೆ ಒಂದು ಸೋಲ್ಡರಿಂಗ್ ಐರನ್ ಆನ್ ಮಾಡಿಟ್ಟು ಮುಚ್ಚಳ ಹಾಕಿದ ಹಾಗೆ! ಬಿಸಿಯಾದರೆ ಲೋಹ ಹಿಗ್ಗುತ್ತದೆ, ಆರಿದರೆ ಕುಗ್ಗುತ್ತದೆ, ಸ್ಕ್ರೂ ಇನ್ನಷ್ಟು ಸಡಿಲಾಗುತ್ತದೆ, ಮೇಲ್ಮೈ ಕಪ್ಪಾಗುತ್ತದೆ, ರೆಸಿಸ್ಟೆನ್ಸ್ ಇನ್ನಷ್ಟು ಏರುತ್ತದೆ. ಎಂಸಿಬಿಗೆ ಇದು ಕಾಣುವುದೇ ಇಲ್ಲ. ಹರಿಯುತ್ತಿರುವುದು 20 ಆಂಪಿಯರೇ ತಾನೆ, ಮಾಮೂಲಿ ಲೋಡ್. ಥರ್ಮಲ್ ಕ್ಯಾಮೆರಾ ಹಿಡಿದು ಪ್ಯಾನಲ್ ನೋಡಿದರೆ ಆ ಒಂದು ಸ್ಕ್ರೂ ಮಾತ್ರ ಕೆಂಡದ ಹಾಗೆ ಹೊಳೆಯುತ್ತಿರುತ್ತದೆ.

ಅಲ್ಯೂಮಿನಿಯಂ ಬಂದರೆ ಇನ್ನೂ ಹುಷಾರಾಗಿರಬೇಕು. ತಾಮ್ರಕ್ಕೆ ಹೋಲಿಸಿದರೆ ಅದು ಕರೆಂಟ್ ಒಯ್ಯುವುದು ಶೇ. 61ರಷ್ಟು, ಅದಕ್ಕೇ ಅದರ ಕೇಬಲ್ ದಪ್ಪ. ಹೆರೆದು ಹೊಳಪು ಬರಿಸಿದ ಅಲ್ಯೂಮಿನಿಯಂ ಮೇಲೆ ನೋಡನೋಡುತ್ತಿದ್ದ ಹಾಗೆ ಆಕ್ಸೈಡ್ ಪೊರೆ ಕಟ್ಟುತ್ತದೆ. ಆ ಪೊರೆ ಕರೆಂಟ್ ಬಿಡುವುದಿಲ್ಲ. ಹಾಗಾಗಿ ಬ್ರಷ್ ಹಾಕಿ ಉಜ್ಜಿ, ತಡಮಾಡದೆ ಜಾಯಿಂಟಿಂಗ್ ಪೇಸ್ಟ್ ಹಚ್ಚಿ, ಆಮೇಲೆ ಲಗ್ ಹಾಕಬೇಕು. ಸ್ಕ್ರೂ ಕೆಳಗೆ ಒತ್ತಿ ಬಿಗಿದಿಟ್ಟರೆ ಕಾಲ ಕಳೆದಂತೆ ಅಲ್ಯೂಮಿನಿಯಂ ಒತ್ತಡಕ್ಕೆ ಮೆಲ್ಲಗೆ ಅತ್ತಿತ್ತ ಸರಿದುಹೋಗುತ್ತದೆ, ಹಿಡಿತ ತಪ್ಪುತ್ತದೆ. ತಾಮ್ರದ ಬಸ್‌ಬಾರಿಗೆ (ಪ್ಯಾನಲ್ ಒಳಗೆ ಕರೆಂಟ್ ಹಂಚುವ ಪಟ್ಟಿಗೆ) ಅಲ್ಯೂಮಿನಿಯಂ ಲಗ್ಗನ್ನು ನೇರ ಕೂರಿಸಿದರೆ ತೇವ ಸೇರಿ ಅಲ್ಯೂಮಿನಿಯಂ ಸವೆಯುತ್ತದೆ. ಅದಕ್ಕೆ ಒಂದು ಕಡೆ ತಾಮ್ರ, ಇನ್ನೊಂದು ಕಡೆ ಅಲ್ಯೂಮಿನಿಯಂ ಇರುವ ಬೈಮೆಟಲ್ ಲಗ್ ಬೇಕು.

ಇಷ್ಟೆಲ್ಲ ಯಾಕೆ ಹೇಳಿದೆ? ಅಪ್ರೆಂಟಿಸ್ ಆಗಿ ನೀವು ಕಲಿಯಬೇಕಾದ ಮೊದಲ ವಿದ್ಯೆ ತುದಿ ಮಾಡುವುದು. ಯಾವ ತಂಡದಲ್ಲಿ ನಿಮಗೆ ಜಾಸ್ತಿ ತುದಿಗಳು ಸಿಗುತ್ತವೋ, ಮಾಡಿದ ತಪ್ಪು ಬೇಗ ಗೊತ್ತಾಗುತ್ತದೋ ಅಲ್ಲಿಗೆ ಮೊದಲು ಹೋಗಬೇಕು. ಆ ಲೆಕ್ಕದಲ್ಲಿ ನನ್ನ ಮತ ವೈರಿಂಗ್ ತಂಡಕ್ಕೆ. ಅಲ್ಲಿ ದಿನಕ್ಕೆ ಐವತ್ತು ತುದಿ ಮಾಡಬಹುದು: ಸ್ವಿಚ್, ಸಾಕೆಟ್, ಬೋರ್ಡು, ಲೈಟು. ಸಂಜೆಯೊಳಗೆ ಟೆಸ್ಟ್ ಆಗುತ್ತದೆ. ತಪ್ಪಿದ್ದರೆ ಅಂದೇ ಬಿಚ್ಚಿ ಮತ್ತೆ ಮಾಡುತ್ತೀರಿ. ದೋಷ ಹುಡುಕುವ ಬುದ್ಧಿ ಬೆಳೆಯುವುದೂ ಅಲ್ಲೇ. ಒಂದು ಲೈಟ್ ಉರಿಯದಿರಲು ಹತ್ತು ಕಾರಣ ಇರುತ್ತವೆ, ಅವನ್ನು ಒಂದೊಂದಾಗಿ ತೆಗೆದುಹಾಕುತ್ತಾ ಹೋಗುವ ಅಭ್ಯಾಸ ಮುಂದೆ ಎಲ್ಲಿ ಹೋದರೂ ಬೇಕು.

ಹಾಗಂತ ಕೇಬಲ್ ಕೆಲಸ ಕಡಿಮೆಯದು ಅಂತಲ್ಲ. ನನ್ನ ಸ್ವಂತ ಪ್ರೀತಿ ಅದರ ಮೇಲೇ. ಆದರೆ ಎಚ್‌ಟಿ (ಹೆಚ್ಚು ವೋಲ್ಟೇಜಿನ) ಕೇಬಲ್ಲಿನ ಒಂದು ಜಾಯಿಂಟ್ ಮುಗಿಸಲು ಇಡೀ ದಿನ ಹಿಡಿಯಬಹುದು, ಅದರಲ್ಲಿ ಮಾಡಿದ ತಪ್ಪು ಹೊರಬೀಳುವುದು ಎರಡು ವರ್ಷ ಬಿಟ್ಟು. ಅಷ್ಟು ಹೊತ್ತಿಗೆ ನೀವು ಇನ್ನೆಷ್ಟು ಜಾಯಿಂಟ್ ಅದೇ ತಪ್ಪಿನಿಂದ ಮಾಡಿರುತ್ತೀರೋ!

ಒಳಗೆ ಏನಾಗುತ್ತದೆ ಅಂತ ಸ್ವಲ್ಪ ಹೇಳುತ್ತೇನೆ, ನಿಮಗೆ ಆಸೆ ಹುಟ್ಟಿದರೆ ಹುಟ್ಟಲಿ. 11 ಸಾವಿರ ವೋಲ್ಟ್ ಕೇಬಲ್ಲಿನಲ್ಲಿ ಕಂಡಕ್ಟರ್ ಸುತ್ತ ತೆಳುವಾದ ಕಪ್ಪು ಸೆಮಿಕಾನ್ ಪದರ, ಅಂದರೆ ಅರೆಬರೆ ಕರೆಂಟ್ ಒಯ್ಯುವ ಪದರ, ಇರುತ್ತದೆ. ಅದರ ಮೇಲೆ ಎಕ್ಸ್‌ಎಲ್‌ಪಿಇ ಅನ್ನೋ ಬಿಳಿ ಪ್ಲಾಸ್ಟಿಕ್ಕಿನ ಇನ್ಸುಲೇಷನ್, ಅದರ ಮೇಲೆ ಮತ್ತೊಂದು ಸೆಮಿಕಾನ್, ಆಮೇಲೆ ತಾಮ್ರದ ಸ್ಕ್ರೀನ್. ಆಚೀಚೆ ಈ ಎರಡು ಕಪ್ಪು ಪದರ ಇರುವುದರಿಂದ ಇನ್ಸುಲೇಷನ್ ಮೇಲೆ ವೋಲ್ಟೇಜಿನ ಒತ್ತಡ ಸುತ್ತಲೂ ಸಮನಾಗಿ ಬೀಳುತ್ತದೆ. ಜಾಯಿಂಟ್ ಮಾಡಲು ಹೊರಗಿನ ಸೆಮಿಕಾನ್ ಪದರವನ್ನು ಒಂದಷ್ಟು ಉದ್ದ ತೆಗೆಯಲೇಬೇಕು. ತೆಗೆದೆವೋ, ಅದು ನಿಂತ ಅಂಚಿನಲ್ಲಿ ಒತ್ತಡವೆಲ್ಲ ಬಂದು ಗುಂಪುಕಟ್ಟುತ್ತದೆ. ಅದನ್ನು ಹರಡಲೆಂದೇ ಸ್ಟ್ರೆಸ್ ಕಂಟ್ರೋಲ್ ಟ್ಯೂಬ್ ಹಾಕುವುದು. ಸೆಮಿಕಾನ್ ಕೊಯ್ಯುವಾಗ ಚಾಕು ಒಂದು ಕೂದಲಷ್ಟು ಆಳಕ್ಕೆ ಹೋಗಿ ಇನ್ಸುಲೇಷನ್ನಿಗೆ ಗೀರು ಬಿತ್ತು ಅಂದುಕೊಳ್ಳಿ. ಆ ಗೀರಿನಲ್ಲಿ ಕೂತ ಗಾಳಿಯಲ್ಲಿ ಸಣ್ಣ ಸಣ್ಣ ಕಿಡಿ ಹಾರುತ್ತಾ ಇರುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುವುದಿಲ್ಲ. ತಿಂಗಳುಗಟ್ಟಲೆ ಕೊರೆದೂ ಕೊರೆದೂ ಇನ್ಸುಲೇಷನ್ ಒಳಗೆ ಮರದ ಕೊಂಬೆ ಕವಲೊಡೆದಂಥ ದಾರಿ ಮಾಡಿಕೊಳ್ಳುತ್ತವೆ. ಒಂದು ದಿನ ಆ ಕೊಂಬೆ ಆಚೆ ಬದಿ ಮುಟ್ಟುತ್ತದೆ. ಅವತ್ತು ಊರಿಗೆ ಕತ್ತಲು, ಜಾಯಿಂಟರಿಗೆ ಫೋನು.

ಇನ್ನೊಂದು ಸಣ್ಣ ವಿಷಯ. ಇನ್ಸುಲೇಷನ್ ಒರೆಸುವಾಗ ಬಟ್ಟೆ ಬಿಳಿ ಕಡೆಯಿಂದ ಕಪ್ಪು ಸೆಮಿಕಾನ್ ಕಡೆಗೆ ಹೋಗಬೇಕು. ವಾಪಸ್ ತರುವ ಹಾಗಿಲ್ಲ. ತಂದರೆ ಕರೆಂಟ್ ಒಯ್ಯುವ ಕಪ್ಪು ಪುಡಿಯನ್ನು ಇನ್ಸುಲೇಷನ್ ಮೇಲೆ ನೀವೇ ಕೈಯಾರೆ ಬಳಿದಂತೆ. ಒಳ್ಳೆಯ ಜಾಯಿಂಟರ್ ಯಾರು ಅಂತ ನಾನು ನೋಡುವುದು ಈ ಒರೆಸುವ ಕೈಯನ್ನು. ಅವಸರದ ಕೈ ಹಿಂದೆ ಮುಂದೆ ಆಡುತ್ತದೆ.

ಒಂದೂವರೆ ಎರಡು ವರ್ಷ ವೈರಿಂಗ್ ಮಾಡಿ, ಆಮೇಲೆ ಕೇಬಲ್ ಕಡೆ ದಾಟಿ. ಇದಕ್ಕೆ ಒಂದು ಅಪವಾದ ಇದೆ. ಆ ಕೇಬಲ್ ತಂಡ ಹೊಸಬರಿಗೆ ಅಂತಲೇ ವೇಸ್ಟ್ ಕೇಬಲ್ ತುಂಡುಗಳ ಮೇಲೆ ಅಭ್ಯಾಸ ಮಾಡಿಸುತ್ತದೆ, ಮಾಡಿದ ಜಾಯಿಂಟನ್ನು ಕೊಯ್ದು ತೋರಿಸುತ್ತದೆ ಅಂತಾದರೆ ಕಣ್ಣು ಮುಚ್ಚಿಕೊಂಡು ಅಲ್ಲಿಗೇ ಹೋಗಿ. ಅಂಥ ತಂಡಗಳು ಕಡಿಮೆ. ಕೇಬಲ್ ಕೆಲಸದಲ್ಲಿ ಗುಂಡಿಯೊಳಗೆ ಕೂತು ಕೆಲಸ, ಮಳೆ ಬಿಸಿಲು, ಕರೆಂಟ್ ಹೋದಾಗ ನಡುರಾತ್ರಿ ಕರೆ, ಇವೂ ಇರುತ್ತವೆ ಅನ್ನೋದು ತಿಳಿದಿರಲಿ. ಗೋದಾಮಿನಲ್ಲಿ ದುಡಿದವರು ನೀವು, ಮೈ ಒಗ್ಗುತ್ತದೆ. ಟೆಲಿಕಾಂ ಕಡೆಯ ಫೈಬರ್ ಕೇಬಲ್ ಬೇರೆಯೇ ವಿದ್ಯೆ. ಅಲ್ಲಿ ಶಾಕ್ ಇಲ್ಲ, ಆದರೆ ಕೂದಲಿನಷ್ಟು ಸಣ್ಣ ಗಾಜಿನ ಚೂರು ಚರ್ಮಕ್ಕೆ ಹೊಕ್ಕರೆ ಹುಡುಕಿ ತೆಗೆಯೋದು ಕಷ್ಟ, ಲೇಸರ್ ಇರುವ ತುದಿಗೆ ಕಣ್ಣಿಡಬಾರದು. ಅದರ ಬಗ್ಗೆ ನೀವು ಕೇಳಿಲ್ಲ, ಬಿಡಿ.

ಗಣಿತದ ವಿಷಯ. ಮೈಕೆಲ್ ಫ್ಯಾರಡೆ ಹೆಸರು ಕೇಳಿರುತ್ತೀರಿ. ಮೋಟರು, ಜನರೇಟರು, ಟ್ರಾನ್ಸ್‌ಫಾರ್ಮರು ಮೂರಕ್ಕೂ ಅಡಿಪಾಯ ಹಾಕಿದ ಮನುಷ್ಯ. ಅವರೂ ಅಪ್ರೆಂಟಿಸ್ ಆಗಿದ್ದವರೇ, ಆದರೆ ಲಂಡನ್ನಿನ ಒಂದು ಪುಸ್ತಕ ಬೈಂಡಿಂಗ್ ಅಂಗಡಿಯಲ್ಲಿ. 1805ರಲ್ಲಿ, 14ನೇ ವಯಸ್ಸಿಗೆ ಸೇರಿ ಏಳು ವರ್ಷ ಅಲ್ಲೇ ಇದ್ದರು. ಬೈಂಡಿಂಗ್‌ಗೆ ಬಂದ ವಿಶ್ವಕೋಶದಲ್ಲಿ ವಿದ್ಯುತ್ತಿನ ಬಗ್ಗೆ ಇದ್ದ ಲೇಖನ ಓದಿ ಹುಚ್ಚು ಹತ್ತಿತು. ದೊಡ್ಡ ಗಣಿತ ಅವರಿಗೆ ಕೊನೆಯವರೆಗೂ ಬರಲಿಲ್ಲ. ಹಾಗಂತ ನಮಗೆ ಲೆಕ್ಕವೇ ಬೇಡ ಅಂತಲ್ಲ. ಗುಣಾಕಾರ, ಭಾಗಾಕಾರ, ವರ್ಗ, ಶೇಕಡಾ ಇಷ್ಟು ತಪ್ಪಿಲ್ಲದೆ ಬರಬೇಕು. ಕರೆಂಟಿಗೆ ರೆಸಿಸ್ಟೆನ್ಸ್ ಗುಣಿಸಿದರೆ ವೋಲ್ಟೇಜ್, ವೋಲ್ಟೇಜಿಗೆ ಕರೆಂಟ್ ಗುಣಿಸಿದರೆ ವ್ಯಾಟ್. ಮೂರು ಫೇಸಿಗೆ ಬಂದಾಗ 1.732 ಅನ್ನೋ ಅಂಕಿ ಸೇರುತ್ತದೆ. ಮೊದಲ ವರ್ಷಕ್ಕೆ ಇಷ್ಟು ಸಾಕು.

ಕೆಲಸದಲ್ಲಿ ಅದು ಹೀಗೆ ಬರುತ್ತದೆ. 30 ಮೀಟರ್ ದೂರದ ಮೆಷಿನ್‌ಗೆ 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಎಳೆದಿದ್ದೀರಿ. ಅದರ ರೆಸಿಸ್ಟೆನ್ಸ್ ಮೀಟರಿಗೆ ಸುಮಾರು 0.0069 ಓಮ್. ಕರೆಂಟ್ ಹೋಗಿ ವಾಪಸ್ ಬರಬೇಕಲ್ಲ, ಹಾಗಾಗಿ 60 ಮೀಟರ್. ಒಟ್ಟು 0.41 ಓಮ್. 16 ಆಂಪಿಯರ್ ಹರಿದರೆ ದಾರಿಯಲ್ಲೇ 6.6 ವೋಲ್ಟ್ ಕಳೆದುಹೋಯಿತು, 230ರಲ್ಲಿ ಸುಮಾರು ಶೇ. 2.9. ತಂತಿ ಬಿಸಿಯಾದರೆ ಇನ್ನೂ ಸ್ವಲ್ಪ ಜಾಸ್ತಿ. ದೂರ ಎರಡು ಪಟ್ಟಾದರೆ ಇದು ಶೇ. 6ರ ಹತ್ತಿರ ಬರುತ್ತದೆ, ಆಗ 4 ಅಥವಾ 6ರ ವೈರ್ ಬೇಕಾಗುತ್ತದೆ. ವಾಪಸ್ ಬರುವ ದಾರಿ ಮರೆತು ಬರೀ 30 ಮೀಟರ್ ಲೆಕ್ಕ ಹಾಕೋದು ಎಲ್ಲ ಹೊಸಬರೂ ಮಾಡುವ ತಪ್ಪು, ನೀವೂ ಒಂದು ಸಲ ಮಾಡುತ್ತೀರಿ. ವೈರ್ ಸೈಜುಗಳ ಸಾಲು ಬಾಯಿಪಾಠ ಇರಲಿ: 1.5, 2.5, 4, 6, 10, 16, 25, 35, 50, 70, 95, 120. ಇದು ಮಗ್ಗಿ ಇದ್ದ ಹಾಗೆ.

ಸೇರುವ ಮುಂಚೆ ಕಣ್ಣಿನ ಬಣ್ಣ ಪರೀಕ್ಷೆ ಮಾಡಿಸಿಕೊಳ್ಳಿ. ಕೆಂಪು ಹಸಿರು ಗೊಂದಲ ಇರುವ ಗಂಡಸರು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ, ಎಷ್ಟೋ ಜನಕ್ಕೆ ತಮಗೇ ಗೊತ್ತಿರುವುದಿಲ್ಲ. ಇದ್ದರೆ ಈಗಲೇ ಗೊತ್ತಾಗಲಿ. ಬಣ್ಣದ ಬಗ್ಗೆ ಇನ್ನೊಂದು ಮಾತು: ಒಂದು ಪದ್ಧತಿಯಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸ್, ಕಪ್ಪು ನ್ಯೂಟ್ರಲ್. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಕಂದು, ಕಪ್ಪು, ಬೂದು ಫೇಸ್, ನೀಲಿ ನ್ಯೂಟ್ರಲ್. ಅಂದರೆ ಒಂದು ಕಡೆ ಕೊಲ್ಲುವ ನೀಲಿ ಇನ್ನೊಂದು ಕಡೆ ನ್ಯೂಟ್ರಲ್, ಕಪ್ಪಿನದೂ ಅದೇ ಕಥೆ, ಉಲ್ಟಾ. ಹಳೇ ಕಟ್ಟಡಕ್ಕೆ ಹೊಸ ವೈರ್ ಸೇರಿದ ಕಡೆ ಎರಡೂ ಒಂದೇ ಡಬ್ಬಿಯಲ್ಲಿ ಸಿಗಬಹುದು. ಬಣ್ಣ ನೋಡಿ ಊಹಿಸಿ, ಟೆಸ್ಟರ್ ಇಟ್ಟು ನಂಬಿ.

ಸಾಮಾನು ಕೊಳ್ಳಲು ಅವಸರ ಬೇಡ. ಒಂದು ಕಟಿಂಗ್ ಪ್ಲೈಯರ್, ಎರಡು ಮೂರು ಅಳತೆಯ ಸ್ಕ್ರೂಡ್ರೈವರ್, ಒಂದು ಸ್ಟ್ರಿಪ್ಪರ್, ಟೇಪು, ಟಾರ್ಚು. ಹಿಡಿಯ ಮೇಲೆ ಎರಡು ತ್ರಿಕೋನದ ಗುರುತು ಮತ್ತು 1000 ವೋಲ್ಟ್ ಅಂತ ಅಚ್ಚಾಗಿರಬೇಕು. ಹಾಗಂತ ಕರೆಂಟ್ ಇರುವಾಗ ಕೈ ಹಾಕಲು ಅದು ಪರವಾನಗಿ ಅಲ್ಲ. ದುಡ್ಡು ಸುರಿಯಬೇಕಾದದ್ದು ಮಲ್ಟಿಮೀಟರ್ ಮೇಲೆ. ಅಗ್ಗದ್ದು ಬೇಡವೇ ಬೇಡ. ಕ್ಯಾಟ್ 3 ಅನ್ನೋ ಸುರಕ್ಷತಾ ದರ್ಜೆ ಬರೆದಿರುವುದನ್ನೇ ತೆಗೆದುಕೊಳ್ಳಿ, ಲೈನಿನಲ್ಲಿ ಒಮ್ಮೆಲೇ ವೋಲ್ಟೇಜ್ ಏರಿದಾಗ ಕೈಯಲ್ಲಿ ಸಿಡಿಯದಿರಲು ಅದು ಬೇಕು. ಲಗ್ಗನ್ನು ತಂತಿಗೆ ಒತ್ತಿ ಕೂರಿಸುವ ಕ್ರಿಂಪಿಂಗ್ ಮೆಷಿನ್ ಕೊಳ್ಳಬೇಡಿ, ಅದು ತಂಡದ್ದೇ ಇರುತ್ತದೆ. ಆದರೆ ಅದರ ಡೈ (ಒತ್ತುವ ಅಚ್ಚು) ಅಳತೆಯೂ ಲಗ್ ಅಳತೆಯೂ ಒಂದೇ ಇದೆಯಾ ಅಂತ ಪ್ರತಿ ಸಲ ನೋಡುವುದು ನಿಮ್ಮ ಜವಾಬ್ದಾರಿ. ಲಗ್ಗಿಗೆ ಹೋಗುತ್ತಿಲ್ಲ ಅಂತ ನಾಲ್ಕು ಎಳೆ ಕತ್ತರಿಸಿ ತುರುಕುವವರನ್ನು ನೋಡುತ್ತೀರಿ. ದಯವಿಟ್ಟು ಅವರ ಹಾಗೆ ಆಗಬೇಡಿ.

ಮೆಗ್ಗರ್ ಬಗ್ಗೆ ಹೇಳದೆ ಮುಗಿಸಲಾರೆ. ಇನ್ಸುಲೇಷನ್ ಟೆಸ್ಟ್ ಮಾಡುವ ಮೀಟರಿಗೆ ನಾವೆಲ್ಲ ಹಾಗೇ ಕರೆಯುತ್ತೇವೆ. ನಿಜಕ್ಕೂ ಅದು 1903ರಲ್ಲಿ ಇಂಗ್ಲೆಂಡಿನಲ್ಲಿ ನೋಂದಣಿಯಾದ ಒಂದು ಬ್ರ್ಯಾಂಡಿನ ಹೆಸರು. 500 ಅಥವಾ 1000 ವೋಲ್ಟ್ ಡಿಸಿ ಕೊಟ್ಟು ತಂತಿಯಿಂದ ಎಷ್ಟು ಸೋರುತ್ತದೆ ಅಂತ ನೋಡುತ್ತದೆ. ನಾನು ಕಲಿಯುತ್ತಿದ್ದ ಎರಡನೇ ವರ್ಷ, ಉದ್ದದ ಕೇಬಲ್ ಒಂದನ್ನು ಮೆಗ್ಗರ್ ಮಾಡಿದೆವು. ಒಳ್ಳೇ ರೀಡಿಂಗ್ ಬಂತು. ಖುಷಿಯಲ್ಲಿ ಕ್ಲಿಪ್ ತೆಗೆದು ತುದಿ ಹಿಡಿದೆ. ಯಾವ ಸಪ್ಲೈಗೂ ಕೊಡದ ಕೇಬಲ್ ಅದು, ಡ್ರಮ್ಮಿನಿಂದ ಆಗಷ್ಟೇ ಇಳಿದದ್ದು. ಎದ್ದು ನೋಡಿದಾಗ ಗುಂಡಿಯ ಆಚೆ ಬದಿಯಲ್ಲಿ ಬಿದ್ದಿದ್ದೆ. ಉದ್ದದ ಕೇಬಲ್ ದೊಡ್ಡ ಕೆಪಾಸಿಟರ್ ಇದ್ದ ಹಾಗೆ. ಕಂಡಕ್ಟರಿಗೂ ಸ್ಕ್ರೀನಿಗೂ ನಡುವೆ ಚಾರ್ಜ್ ಕೂತಿರುತ್ತದೆ. ಟೆಸ್ಟ್ ಮುಗಿದ ಮೇಲೆ ಡಿಸ್ಚಾರ್ಜ್ ಮಾಡಿ, ಅರ್ಥ್‌ಗೆ ಕಟ್ಟಿ, ಸಾಕಷ್ಟು ಹೊತ್ತು ಹಾಗೇ ಬಿಡಬೇಕು. ತಕ್ಷಣ ಬಿಚ್ಚಿದರೆ ಇನ್ಸುಲೇಷನ್ ಒಳಗೆ ಉಳಿದ ಚಾರ್ಜ್ ನಿಧಾನಕ್ಕೆ ಮತ್ತೆ ಮೇಲೇಳುತ್ತದೆ. ನನ್ನ ಮೇಸ್ತ್ರಿ ಬೈಯಲಿಲ್ಲ. "ಟೆಸ್ಟ್ ಯಾವಾಗ ಮುಗಿಯಿತು ಅಂದುಕೊಂಡೆ?" ಅಂತ ಮಾತ್ರ ಕೇಳಿದರು. ಬೈದಿದ್ದರೇ ವಾಸಿ ಇತ್ತು.

ಅದೇ ಮಾತಿಗೆ ಸೇರಿದ್ದು: ಎದೆ ಒತ್ತುವ ಸಿಪಿಆರ್ ಕಲಿತುಕೊಳ್ಳಿ, ಒಂದು ದಿನದ ತರಬೇತಿ ಸಾಕು. ಶಾಕ್ ಹಿಡಿದವರನ್ನು ನೇರ ಮುಟ್ಟಬಾರದು, ಮೊದಲು ಸಪ್ಲೈ ಕತ್ತರಿಸಬೇಕು.

ಎರಡು ತಂಡದವರೂ ನಿಮ್ಮನ್ನು ಮಾತಿಗೆ ಕರೆಯುತ್ತಾರಲ್ಲ, ಆಗ ನೀವೂ ಪ್ರಶ್ನೆ ಕೇಳಬೇಕು. ಸಂಬಳ, ರಜೆ ಹೇಗೂ ಕೇಳುತ್ತೀರಿ. ನಾನು ಯಾರ ಜೊತೆ ಕೆಲಸ ಮಾಡುತ್ತೇನೆ, ಅವರ ಕೈಕೆಳಗೆ ಈಗ ಎಷ್ಟು ಜನ ಕಲಿಯುವವರಿದ್ದಾರೆ ಅಂತ ಕೇಳಿ. ಒಬ್ಬರ ಹಿಂದೆ ಆರು ಜನ ಇದ್ದರೆ ನಿಮಗೆ ಸಿಗುವುದು ಪೊರಕೆಯೇ. ನನಗೆ ಸ್ವಂತ ಬೀಗ ಕೊಡುತ್ತೀರಾ ಅಂತ ಕೇಳಿ. "ಬೀಗ ಯಾಕಪ್ಪಾ?" ಅಂತ ನಕ್ಕರೆ ನಿಮಗೆ ಉತ್ತರ ಸಿಕ್ಕಿತು. ಕರೆಂಟ್ ಇರುವಾಗಲೇ ಕೆಲಸ ಮಾಡಿಸುತ್ತೀರಾ? ಮೀಟರ್ ಹಿಡಿಯಲು ಎಷ್ಟು ತಿಂಗಳಿಗೆ ಬಿಡುತ್ತೀರಾ? ಕಲಿತದ್ದನ್ನು ಬರೆದು ಸಹಿ ಹಾಕುವ ಪುಸ್ತಕ ಇದೆಯಾ? ಎಷ್ಟು ವರ್ಷ, ಕೊನೆಗೆ ಯಾವ ಪ್ರಮಾಣಪತ್ರ ಅನ್ನೋದು ಕಾಗದದ ಮೇಲೆ ಇರಲಿ. ಬಾಯಿಮಾತಿನಲ್ಲಿ "ನೋಡೋಣ" ಅಂದರೆ ಆ ನೋಡೋಣ ಬರುವುದೇ ಇಲ್ಲ.

ಸೇರುವ ದಿನದ ತನಕ ಸುಮ್ನೆ ಕೂರಬೇಡಿ. ಕೆಲಸ ನಡೆಯುವ ಯಾವುದಾದರೂ ಜಾಗದಲ್ಲಿ ಕೇಳಿದರೆ ವೇಸ್ಟ್ ಕೇಬಲ್ ತುಂಡುಗಳು ಸಿಗುತ್ತವೆ. ಎಲ್ಲಿಗೂ ಕನೆಕ್ಷನ್ ಇಲ್ಲದ, ಕೈಯಲ್ಲಿ ಹಿಡಿಯುವಂಥ ತುಂಡು. ಅದನ್ನು ಸುಲಿಯಿರಿ. ಸುಲಿದ ಜಾಗದಲ್ಲಿ ತಂತಿಯನ್ನು ನಿಧಾನಕ್ಕೆ ಬಗ್ಗಿಸಿ. ಗೀರು ಬಿದ್ದಿದ್ದರೆ ಅಲ್ಲೇ ಮುರಿಯುತ್ತದೆ. ಮುರಿಯದ ಹಾಗೆ ಸತತ ಐವತ್ತು ತುದಿ ಬರುವ ತನಕ ಬಿಡಬೇಡಿ. ಆಮೇಲೆ ಗೊತ್ತಿರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಕೇಳಿ ದಪ್ಪ ತುಂಡೊಂದಕ್ಕೆ ಲಗ್ ಕ್ರಿಂಪ್ ಮಾಡಿಸಿ, ಹ್ಯಾಕ್ಸಾದಿಂದ ಆ ಲಗ್ಗನ್ನು ಅಡ್ಡಕ್ಕೆ ಕೊಯ್ದು ಮುಖವನ್ನು ಉಪ್ಪುಕಾಗದದಲ್ಲಿ ಉಜ್ಜಿ. ಸರಿಯಾಗಿ ಒತ್ತಿದ್ದರೆ ಎಳೆಗಳು ದುಂಡಗೆ ಉಳಿದಿರುವುದಿಲ್ಲ. ಒಂದಕ್ಕೊಂದು ಅಂಟಿ, ಜೇನುಗೂಡಿನ ಹಾಗೆ ಮೂಲೆಮೂಲೆಯಾಗಿ, ನಡುವೆ ಸಂದೇ ಇಲ್ಲದ ಗಟ್ಟಿ ಲೋಹದ ಹಾಗೆ ಕಾಣುತ್ತವೆ. ಎಳೆಗಳ ನಡುವೆ ಕಪ್ಪು ಚುಕ್ಕಿಗಳು ಕಂಡರೆ ಅವು ಗಾಳಿ ಕೂತ ಜಾಗ. ಆ ತುಂಡನ್ನು ಎಸೆಯಬೇಡಿ, ಜೇಬಿನಲ್ಲಿಟ್ಟುಕೊಂಡು ಮೊದಲ ದಿನ ನಿಮ್ಮ ಮೇಸ್ತ್ರಿಗೆ ತೋರಿಸಿ, ಇದು ಯಾಕೆ ಹೀಗಾಯಿತು ಅಂತ ಕೇಳಿ.